ಮನೆಯಲ್ಲಿ ಕಟ್ಟಿದ ಗಿಟಾರ್ ಪೆಡಲ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಗಿಟಾರಿಗೂ ಆಂಪ್ಲಿಫೈಯರ್‌ಗೂ ನಡುವೆ ಕೂತು ದನಿ ಬದಲಿಸುವ, ಕಾಲಲ್ಲಿ ತುಳಿಯುವ ಡಬ್ಬಿಯೇ ಪೆಡಲ್. ಅದನ್ನು ಕಟ್ಟಿ ಮುಗಿದಿದೆ. ಗಿಟಾರ್ ಸಿಕ್ಕಿಸಿ ಸ್ವಿಚ್ ತುಳಿದರೆ ಸದ್ದೇ ಇಲ್ಲ. ಆಗ ಹೆಚ್ಚಿನವರ ಕೈ ಸೀದಾ ಸೋಲ್ಡರಿಂಗ್ ಐರನ್ ಕಡೆ ಹೋಗುತ್ತದೆ. ಟ್ರಾನ್ಸಿಸ್ಟರ್ ಕೀಳುತ್ತಾರೆ, ಐಸಿ ಬದಲಿಸುತ್ತಾರೆ, ಎಲ್ಲ ಜಾಯಿಂಟ್‌ಗೂ ಇನ್ನೊಂದು ಸಲ ಕಾವು ಕೊಡುತ್ತಾರೆ. ಒಂದು ದೋಷ ಇದ್ದ ಬೋರ್ಡಿನಲ್ಲಿ ಹೊತ್ತು ಮುಳುಗುವುದರೊಳಗೆ ಮೂರು ದೋಷ ಆಗಿರುತ್ತವೆ. ಹೊಸದಾಗಿ ಕಟ್ಟಿದ ಪೆಡಲ್‌ನಲ್ಲಿ ಬಿಡಿಭಾಗ ಸತ್ತಿರುವುದು ಅಪರೂಪ. ಒಂದು ವೈರ್ ತಪ್ಪು ಕಾಲಿಗೆ ಹೋಗಿರುತ್ತದೆ, ಎಲ್ಲೋ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗಿರುತ್ತದೆ, ಇಲ್ಲವೇ ಟ್ರಾನ್ಸಿಸ್ಟರ್ ಉಲ್ಟಾ ಕೂತಿರುತ್ತದೆ. ಇವು ಯಾವುವೂ ಕೀಳುವುದರಿಂದ ಗೊತ್ತಾಗುವುದಿಲ್ಲ. ಅಳೆದರೆ ಗೊತ್ತಾಗುತ್ತವೆ.

ಬೆಳಗಾವಿಯಲ್ಲಿ ಕೂತು ಕಟ್ಟುವವರಿಗೆ ಇನ್ನೊಂದು ಕಾರಣವೂ ಇದೆ. ಬಿ.ಸಿ. 547 ಟ್ರಾನ್ಸಿಸ್ಟರ್, 1ಎನ್4148 ಡಯೋಡ್, 4558 ಐಸಿ ಇವೆಲ್ಲ ಟಿವಿ, ಆಂಪ್ಲಿಫೈಯರ್ ರಿಪೇರಿ ಸಾಮಾನಿನ ಅಂಗಡಿಯಲ್ಲೇ ಸಿಗುತ್ತವೆ. ಬಾಸ್-ಟ್ರೆಬಲ್ ಬೋರ್ಡಿಗೆ ಹಾಕುವುದು ಇದೇ 4558 ಅಲ್ವಾ. ಆದರೆ ಒಂಬತ್ತು ಕಾಲಿನ 3ಪಿಡಿಟಿ ಫುಟ್‌ಸ್ವಿಚ್, ಅಲ್ಯೂಮಿನಿಯಂ ಡಬ್ಬಿ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದಲೋ ತರಿಸಬೇಕಾಗುತ್ತದೆ. ಸುಮ್ನೆ ಸುಟ್ಟು ಹಾಕಿದ ಸ್ವಿಚ್‌ಗೆ ಮತ್ತೆ ಕೊರಿಯರ್ ದಾರಿ ಕಾಯಬೇಕು.

ಬೇಕಾದ ಸಲಕರಣೆ ಜಾಸ್ತಿ ಇಲ್ಲ. ಒಂದು ಮಲ್ಟಿಮೀಟರ್, ಒಂದು ಹೊಸ 9 ವೋಲ್ಟ್ ಬ್ಯಾಟರಿ, ಒಳ್ಳೆ ಬೆಳಕು, ಬೋರ್ಡಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಲು ಫೋನ್. ಇನ್ನೊಂದು ಸಲಕರಣೆ ನಾವೇ ಮಾಡಿಕೊಳ್ಳುವುದು, ಅದು ಮುಂದೆ ಬರುತ್ತದೆ. ಒಂದು ಎಚ್ಚರಿಕೆ: ಪೆಡಲ್ ಒಳಗೆ ಇರುವುದು 9 ವೋಲ್ಟ್, ಅಲ್ಲಿ ಕೈ ಹಾಕಲು ಹೆದರಬೇಕಿಲ್ಲ. ಆದರೆ ಅಡಾಪ್ಟರ್ ಬಿಚ್ಚಬೇಡಿ, ಆಂಪ್ಲಿಫೈಯರ್ ಬಿಚ್ಚಬೇಡಿ. ಅಲ್ಲಿ ಇರುವುದು ಗೋಡೆಯ ಕರೆಂಟ್.

ಮೊದಲು ಬೈಪಾಸ್

ಪೆಡಲ್ ಆಫ್ ಇದ್ದಾಗ ಗಿಟಾರ್ ಸದ್ದು ಬರುತ್ತದೆಯೇ? ಇದನ್ನು ಕೇಳದೆ ಮುಂದೆ ಹೋಗಬೇಡಿ. ಬೈಪಾಸ್‌ನಲ್ಲಿ ಸಿಗ್ನಲ್ ಬೋರ್ಡಿಗೆ ಹೋಗುವುದೇ ಇಲ್ಲ. ಇನ್‌ಪುಟ್ ಜಾಕ್‌ನಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಔಟ್‌ಪುಟ್ ಜಾಕ್‌ಗೆ, ಅಷ್ಟೇ. ಅಲ್ಲಿಯೂ ಸದ್ದಿಲ್ಲ ಎಂದರೆ ನಿಮ್ಮ ಬೋರ್ಡ್ ನಿರಪರಾಧಿ. ಜಾಕ್ ಮತ್ತು ಸ್ವಿಚ್ ಮಾತ್ರ ನೋಡಿ.

ಮೀಟರನ್ನು ಬೀಪ್‌ಗೆ (ಎರಡು ಬಿಂದು ಸೇರಿದ್ದರೆ ಕೂಗುವ ಸ್ಥಾನಕ್ಕೆ) ಇಟ್ಟು, ಎರಡೂ ಜಾಕ್‌ಗೆ ಕೇಬಲ್ ಸಿಕ್ಕಿಸಿ, ಎರಡು ಕೇಬಲ್‌ಗಳ ಇನ್ನೊಂದು ಕೊನೆಯ ಪಿನ್‌ಗಳ ನಡುವೆ ನೋಡಿ. ಪಿನ್ನಿನ ಮೊನೆಯೇ ತುದಿ, ಅದರ ಹಿಂದಿನ ಉದ್ದ ಲೋಹದ ಭಾಗವೇ ತೋಳು. ತುದಿಗೆ ತುದಿ ಬೀಪ್ ಬರಬೇಕು, ತೋಳಿಗೆ ತೋಳು ಬೀಪ್ ಬರಬೇಕು, ತುದಿಗೂ ತೋಳಿಗೂ ಬರಬಾರದು. ಹೀಗೆ ಹೊರಗಿನಿಂದ ನೋಡಿದರೆ ಕೇಬಲ್, ಜಾಕ್, ಸ್ವಿಚ್ ಮೂರೂ ಒಂದೇ ಸಲಕ್ಕೆ ಪರೀಕ್ಷೆಯಾಗುತ್ತವೆ. ಬೀಪ್ ಬರದಿದ್ದರೆ ಸ್ವಿಚ್‌ನ ಕಾಲುಗಳ ಮೇಲೆ ಅನುಮಾನ ಇರಲಿ. ಒಂಬತ್ತು ಕಾಲುಗಳು ಮೂರು ಸಾಲಿನಲ್ಲಿ ಇರುತ್ತವೆ. ಪ್ರತಿ ಸಾಲಿನ ನಡುಕಾಲು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಸೇರುತ್ತದೆ. ಸ್ವಿಚ್ಚನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೆ ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ಕಾಲಿನ ಚಪ್ಪಟೆ ಮುಖ ಯಾವ ಕಡೆ ಇದೆ ಎಂದು ನೀವು ನೋಡಿ ಕಟ್ಟಿದ ವೈರಿಂಗ್ ಚಿತ್ರದ ಜೊತೆ ಹೋಲಿಸಿ. ಈ ಸ್ವಿಚ್‌ಗಳ ಒಳಗೆ ಪ್ಲಾಸ್ಟಿಕ್ ಮತ್ತು ಗ್ರೀಸ್ ಇರುತ್ತದೆ. ಒಂದೇ ಕಾಲಿಗೆ ಬಹಳ ಹೊತ್ತು ಐರನ್ ಹಿಡಿದರೆ ಪ್ಲಾಸ್ಟಿಕ್ ಕರಗಿ ಕಾಲು ವಾಲುತ್ತದೆ. ಎರಡು ಮೂರು ಸೆಕೆಂಡಿಗೆ ಬಿಟ್ಟು, ಆರಲು ಬಿಡಿ.

ಬೈಪಾಸ್ ಸರಿ ಇದೆ, ಆನ್ ಮಾಡಿದರೆ ಮಾತ್ರ ಮೌನ ಎಂದಾದರೆ ಬೋರ್ಡ್ ಕಡೆ ಹೋಗೋಣ. ಅದಕ್ಕೂ ಮೊದಲು ಕರೆಂಟ್.

ಕರೆಂಟ್ ಎಲ್ಲಿಯವರೆಗೆ ಬಂದಿದೆ

ಗಿಟಾರ್ ಪೆಡಲ್‌ಗಳಲ್ಲಿ ಅಡಾಪ್ಟರ್ ಪಿನ್‌ನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯಲ್ಲಿ ಬಿದ್ದಿರುವ ಸೆಟ್‌ಟಾಪ್ ಬಾಕ್ಸ್, ರೂಟರ್, ಸಿಸಿಟಿವಿ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್ ಇರುತ್ತದೆ, ಅದೂ ಬಹಳಷ್ಟು 12 ವೋಲ್ಟ್. ಪಿನ್ ಮಾತ್ರ ಸರಿಯಾಗಿ ಕೂರುತ್ತದೆ. ಬೋರ್ಡಿನಲ್ಲಿ ಪ್ಲಸ್‌ನಿಂದ ನೆಲಕ್ಕೆ (ಗ್ರೌಂಡ್, ಸಾಮಾನ್ಯವಾಗಿ ಮೈನಸ್ ಸೇರುವ ಕಡೆ) 1ಎನ್4007 ಡಯೋಡ್ ಹಾಕಿದ್ದರೆ ಉಲ್ಟಾ ಕೊಟ್ಟಾಗ ಆ ಡಯೋಡ್ ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡಿರುತ್ತದೆ. ಆಮೇಲೆ ಸರಿಯಾದ ಅಡಾಪ್ಟರ್ ಕೊಟ್ಟರೂ ವೋಲ್ಟೇಜ್ ಸೊನ್ನೆ. ಡಯೋಡಿನ ಒಂದು ಕಾಲು ಎತ್ತಿ ಅಳೆಯಿರಿ. ಎರಡೂ ಕಡೆ ಬೀಪ್ ಬಂದರೆ ಹೊಸದು ಹಾಕಿ.

ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಮೇಲೆ 9 ಎಂದು ಬರೆದಿದ್ದರೂ ಲೋಡ್ ಇಲ್ಲದಾಗ 12-13 ವೋಲ್ಟ್ ಕೊಡುವುದು ಸಹಜ. ಫಜ್ (ದನಿಯನ್ನು ಒರಟು ಮಾಡುವ ಪೆಡಲ್), ಬೂಸ್ಟರ್ (ದನಿ ಏರಿಸುವ ಪೆಡಲ್) ತಡೆದುಕೊಳ್ಳುತ್ತವೆ. ಆದರೆ ಐಸಿಎಲ್7660 ಥರದ ವೋಲ್ಟೇಜ್ ಬದಲಿಸುವ ಐಸಿ ಇದ್ದರೆ 10 ವೋಲ್ಟ್ ದಾಟುತ್ತಿದ್ದಂತೆ ಅದು ಹೋಗುತ್ತದೆ. ಅದಕ್ಕೇ ಮೊದಲ ಪರೀಕ್ಷೆ ಯಾವಾಗಲೂ ಬ್ಯಾಟರಿಯಲ್ಲಿ ಆಗಲಿ.

ಬ್ಯಾಟರಿ ಹಾಕಿದಾಗ ಒಂದು ವಿಷಯ ನೆನಪಿರಲಿ. ಹೆಚ್ಚಿನ ಪೆಡಲ್‌ಗಳಲ್ಲಿ ಇನ್‌ಪುಟ್ ಜಾಕ್ ಸ್ಟೀರಿಯೋ ಇರುತ್ತದೆ. ಬ್ಯಾಟರಿಯ ಕಪ್ಪು ವೈರ್ ಜಾಕ್‌ನ ನಡುವಿನ ರಿಂಗ್‌ಗೆ ಹೋಗಿರುತ್ತದೆ. ಗಿಟಾರ್ ಕೇಬಲ್ ಸಿಕ್ಕಿಸಿದಾಗ ಮಾತ್ರ ಅದು ನೆಲಕ್ಕೆ ಸೇರಿ ಕರೆಂಟ್ ಹರಿಯುತ್ತದೆ. ಕೇಬಲ್ ಇಲ್ಲದೆ ಅಳೆದು "ಕರೆಂಟೇ ಬರ್ತಿಲ್ಲ" ಎಂದು ಗಾಬರಿಯಾಗುವವರು ಬಹಳ.

ವೋಲ್ಟೇಜ್ ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅರ್ಧಕ್ಕಿಂತ ಜಾಸ್ತಿ ದೋಷಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಮೀಟರಿನ ಕಪ್ಪು ಕಡ್ಡಿ ಜಾಕ್‌ನ ನೆಲದ ಕಾಲಿಗೆ. ಕೆಂಪು ಕಡ್ಡಿಯಿಂದ ಪ್ರತಿ ಟ್ರಾನ್ಸಿಸ್ಟರಿನ ಮೂರು ಕಾಲು (ಬೇಸ್, ಎಮಿಟರ್, ಕಲೆಕ್ಟರ್), ಐಸಿಯ ಎಲ್ಲ ಕಾಲು ಅಳೆದು ಹಾಳೆಯಲ್ಲಿ ಬರೆದುಕೊಳ್ಳಿ. 4558 ಅಥವಾ ಟಿಎಲ್072 ಇದ್ದರೆ 8ನೇ ಕಾಲಿನಲ್ಲಿ 9 ವೋಲ್ಟ್, 4ರಲ್ಲಿ ಸೊನ್ನೆ, ಉಳಿದ ಆರರಲ್ಲೂ 4.5ರ ಹತ್ತಿರ ಇರಬೇಕು. ಆ 4.5 ಬರುವುದು ಎರಡು ಸಮ ರೆಸಿಸ್ಟರ್‌ಗಳಿಂದ, ಸಾಮಾನ್ಯವಾಗಿ 10ಕೆ (10,000 ಓಮ್) ಮತ್ತು 10ಕೆ. 4.5 ಇರಬೇಕಾದ ಕಡೆ 0.8 ಬಂತು ಎನ್ನಿ. ಹಾಗಾದರೆ ಮೇಲಿನ ರೆಸಿಸ್ಟರ್ 10ಕೆ ಬದಲು 100ಕೆ ಕೂತಿದೆ. ಕಂದು-ಕಪ್ಪು-ಕಿತ್ತಳೆ 10ಕೆ, ಕಂದು-ಕಪ್ಪು-ಹಳದಿ 100ಕೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಿತ್ತಳೆಯೂ ಹಳದಿಯೂ ಒಂದೇ ಥರ ಕಾಣುತ್ತವೆ. ಬಣ್ಣ ನಂಬಬೇಡಿ, ಬೋರ್ಡಿಗೆ ಹಾಕುವ ಮೊದಲೇ ಪ್ರತಿ ರೆಸಿಸ್ಟರ್ ಅಳೆಯಿರಿ. ರೆಸಿಸ್ಟರ್ ಎರಡೂ ಸರಿ ಇದ್ದು 4.5 ಮಾತ್ರ ಇಳಿದಿದ್ದರೆ ಅದರ ಪಕ್ಕದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಉಲ್ಟಾ ಕೂತು ಲೀಕ್ ಆಗುತ್ತಿರಬಹುದು.

ಮೀಟರೇ ದಾರಿ ತಪ್ಪಿಸುವುದೂ ಇದೆ. ಡಿಟಿ-830 ಜಾತಿಯ ಅಗ್ಗದ ಹಳದಿ ಮೀಟರ್ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಇನ್‌ಪುಟ್ ರೆಸಿಸ್ಟೆನ್ಸ್ 1 ಮೆಗಾಓಮ್. ಒಳ್ಳೆಯ ಮೀಟರ್‌ನಲ್ಲಿ 10 ಮೆಗಾಓಮ್. 4.5 ವೋಲ್ಟ್ ಒಂದು 1 ಮೆಗಾಓಮ್ ರೆಸಿಸ್ಟರ್ ಮೂಲಕ ಬರುತ್ತಿರುವ ಕಡೆ ಹಳದಿ ಮೀಟರ್ ಇಟ್ಟರೆ ಅದು 2.25 ಎಂದು ತೋರಿಸುತ್ತದೆ. ಸರ್ಕ್ಯೂಟ್ ಸರಿಯಾಗಿಯೇ ಇದೆ, ಮೀಟರ್ ಅದನ್ನು ಎಳೆದು ಇಳಿಸಿದೆ. ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ ಪೆಡಲ್‌ನಲ್ಲಿ ಮೊದಲ ಟ್ರಾನ್ಸಿಸ್ಟರಿನ ಬೇಸ್‌ಗೆ 510ಕೆ ಮೂಲಕ ವೋಲ್ಟೇಜ್ ಬರುತ್ತದೆ. ಅಲ್ಲಿ 3ಕ್ಕಿಂತ ಕಡಿಮೆ ತೋರಿಸಿದರೆ ಹೆದರಬೇಡಿ. ಅದೇ ಟ್ರಾನ್ಸಿಸ್ಟರಿನ ಎಮಿಟರ್ ಅಳೆಯಿರಿ. 3ರಿಂದ 4ರ ನಡುವೆ ಇದ್ದರೆ ಬೇಸ್ ಚೆನ್ನಾಗಿಯೇ ಇದೆ. ಐಸಿಯ ವಿಷಯದಲ್ಲೂ ಹೀಗೇ: ಇನ್‌ಪುಟ್ ಕಾಲು ಬಿಟ್ಟು 1 ಮತ್ತು 7ನೇ ಕಾಲು, ಅಂದರೆ ಔಟ್‌ಪುಟ್ ಅಳೆಯಿರಿ. ಅಲ್ಲಿ ಹಳದಿ ಮೀಟರೂ ನಿಜ ಹೇಳುತ್ತದೆ.

ಒಂದೇ ಟ್ರಾನ್ಸಿಸ್ಟರಿನ ಬೂಸ್ಟರ್ ನೋಡೋಣ. ಎಲ್‌ಪಿಬಿ-1 ಎಂಬ ಹಳೇ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸರ್ಕ್ಯೂಟ್ ಬಹಳ ಜನ ಮೊದಲು ಕಟ್ಟುವುದು. ಬೇಸ್‌ಗೆ 430ಕೆ ಮತ್ತು 43ಕೆ, ಕಲೆಕ್ಟರ್‌ಗೆ 10ಕೆ, ಎಮಿಟರ್‌ಗೆ 390 ಓಮ್. ಬೇಸ್‌ನಲ್ಲಿ 0.8, ಎಮಿಟರ್‌ನಲ್ಲಿ 0.2, ಕಲೆಕ್ಟರ್‌ನಲ್ಲಿ 3-4 ವೋಲ್ಟ್ ಬರಬೇಕು. ಬೇಸ್ ಯಾವಾಗಲೂ ಎಮಿಟರ್‌ಗಿಂತ 0.6ರಷ್ಟು ಮೇಲಿರಬೇಕು, ಇದು ಸಿಲಿಕಾನ್ ಟ್ರಾನ್ಸಿಸ್ಟರಿನ ಗುರುತು. ಕಲೆಕ್ಟರ್‌ನಲ್ಲಿ ಪೂರ್ತಿ 9 ಇದ್ದರೆ ಟ್ರಾನ್ಸಿಸ್ಟರ್ ಮಲಗಿದೆ: ಎಮಿಟರ್ ನೆಲಕ್ಕೆ ಸೇರಿಲ್ಲ ಅಥವಾ ಬೇಸ್‌ಗೆ ಏನೂ ಬಂದಿಲ್ಲ. ಕಲೆಕ್ಟರ್ ಎಮಿಟರ್‌ನಷ್ಟೇ ಇಳಿದಿದ್ದರೆ ಪೂರ್ತಿ ತೆರೆದುಕೊಂಡಿದೆ, ರೆಸಿಸ್ಟರ್ ಬೆಲೆ ತಪ್ಪಿರಬೇಕು.

ಶಹಾಪುರದ ಒಬ್ಬ ಹುಡುಗ ಇದೇ ಬೂಸ್ಟರ್ ಹಿಡಿದುಕೊಂಡು ಬಂದಿದ್ದ. "ಅಣ್ಣಾ, ಆವಾಜ್ ಬರ್ತದ್ರೀ, ಆದ್ರ ಭಾಳ ಸಣ್ಣ ಬರ್ತದ. ಎಲ್ಲಾ ಸಾಮಾನು ಹೊಸಾದ ಹಾಕೇನಿ." ಅಳೆದರೆ ಕಲೆಕ್ಟರ್‌ನಲ್ಲಿ 8ರ ಸುತ್ತ. ಚಿತ್ರದಲ್ಲಿ 2ಎನ್5088 ಇತ್ತು, ಅಂಗಡಿಯಲ್ಲಿ ಸಿಕ್ಕಿದ್ದು ಬಿ.ಸಿ. 547. ಬದಲಿ ಹಾಕಬಹುದು, ತೊಂದರೆ ಇಲ್ಲ. ಆದರೆ ಚಪ್ಪಟೆ ಮುಖ ನಮ್ಮ ಕಡೆ ಇಟ್ಟುಕೊಂಡರೆ 2ಎನ್5088ರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿ.ಸಿ. 547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಚಿತ್ರದಲ್ಲಿ ಇದ್ದ ಹಾಗೇ ಹಾಕಿದರೆ ಉಲ್ಟಾ ಆಗುತ್ತದೆ. ಉಲ್ಟಾ ಕೂತ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ, ಬಹಳ ಕಡಿಮೆ ಗೇನ್‌ನಲ್ಲಿ, ಅಂದರೆ ಸಿಗ್ನಲನ್ನು ಸ್ವಲ್ಪವೇ ಹಿಗ್ಗಿಸುತ್ತಾ, ಕೆಲಸ ಮಾಡುತ್ತದೆ. ಅದಕ್ಕೇ ಇದು ಕಣ್ಣು ತಪ್ಪಿಸುತ್ತದೆ. ಸದ್ದು ಬರುತ್ತಿದೆ ಎಂದಾಗ ಯಾರಿಗೂ ಟ್ರಾನ್ಸಿಸ್ಟರ್ ಮೇಲೆ ಅನುಮಾನ ಬರುವುದಿಲ್ಲ. ಹೊಸ 547 ಒಂದನ್ನು ತಿರುಗಿಸಿ ಹಾಕಿದ ಮೇಲೆ ಕಲೆಕ್ಟರ್ 3.4ಕ್ಕೆ ಬಂತು, ಬೂಸ್ಟರ್ ಬೂಸ್ಟರ್ ಆಯಿತು. ಬದಲಿ ಹಾಕುವಾಗ ಆ ನಂಬರಿನ ಕಾಲುಗಳ ಕ್ರಮ ನೋಡಿಯೇ ಹಾಕಿ. 2ಎನ್3904 ಕೂಡ 5088ರ ಹಾಗೇ, 547ಕ್ಕೆ ಉಲ್ಟಾ.

ಕಿವಿಯಿಂದ ಹುಡುಕುವುದು: ಆಡಿಯೋ ಪ್ರೋಬ್

ವೋಲ್ಟೇಜ್ ಎಲ್ಲ ಸರಿ, ಸದ್ದು ಮಾತ್ರ ಇಲ್ಲ. ಈಗ ನಾವೇ ಮಾಡಿಕೊಳ್ಳುವ ಸಲಕರಣೆ ಬೇಕು. ಹಳೇ ಗಿಟಾರ್ ಕೇಬಲ್ ಒಂದನ್ನು ಕತ್ತರಿಸಿ. ಒಂದು ತುದಿಯ ಪಿನ್ ಆಂಪ್ಲಿಫೈಯರ್‌ಗೆ. ಕತ್ತರಿಸಿದ ತುದಿಯ ಹೊರಗಿನ ಹೆಣಿಗೆಗೆ ಮೊಸಳೆ ಕ್ಲಿಪ್ ಹಾಕಿ. ಒಳಗಿನ ವೈರ್‌ಗೆ 104 ಎಂದು ಬರೆದಿರುವ ಕೆಪಾಸಿಟರ್ ಬೆಸೆಯಿರಿ, ಅಂದರೆ 100 ನ್ಯಾನೋಫ್ಯಾರಡ್. ಆ ಕೆಪಾಸಿಟರಿನ ಇನ್ನೊಂದು ಕಾಲೇ ನಿಮ್ಮ ಕಡ್ಡಿ. ಡಿಸಿ ವೋಲ್ಟೇಜನ್ನು ಅದು ತಡೆಯುತ್ತದೆ, ಸದ್ದನ್ನು ಮಾತ್ರ ಬಿಡುತ್ತದೆ.

ಕ್ಲಿಪ್ ನೆಲಕ್ಕೆ. ಫೋನಿನಿಂದ ಪೆಡಲ್ ಇನ್‌ಪುಟ್‌ಗೆ ಸಣ್ಣ ವಾಲ್ಯೂಮ್‌ನಲ್ಲಿ ಹಾಡು ಬಿಡಿ, ಎರಡೂ ಕೈ ಖಾಲಿ ಇರುತ್ತವೆ. ಆಂಪ್ ವಾಲ್ಯೂಮ್ ಬಹಳ ಕಡಿಮೆ ಇರಲಿ. ಇಲ್ಲದಿದ್ದರೆ ಕಡ್ಡಿ ತಾಗಿದಾಗ ಬರುವ ಢಬ್ ಸದ್ದಿಗೆ ಸ್ಪೀಕರ್ ಹೋದೀತು. ಈಗ ಇನ್‌ಪುಟ್ ಜಾಕ್‌ನಿಂದ ಶುರು ಮಾಡಿ ಒಂದೊಂದೇ ಬಿಂದು ಮುಟ್ಟುತ್ತಾ ಬನ್ನಿ. ಹೊಲಕ್ಕೆ ಬಿಟ್ಟ ನೀರು ಎಲ್ಲಿ ನಿಂತಿತು ಎಂದು ಕಾಲುವೆ ಹಿಡಿದು ನಡೆಯುವ ಹಾಗೆ. ಜಾಕ್‌ನಲ್ಲಿ ಸದ್ದಿದೆ. ಸ್ವಿಚ್ ದಾಟಿದ ಮೇಲೂ ಇದೆ. ಮೊದಲ ಕೆಪಾಸಿಟರಿನ ಈಚೆ ಇದೆ, ಆಚೆ ಇದೆ. ಬೇಸ್‌ನಲ್ಲಿ ಇದೆ, ಕಲೆಕ್ಟರ್‌ನಲ್ಲಿ ಜೋರಾಗಿದೆ. ಮುಂದಿನ ಕೆಪಾಸಿಟರಿನ ಈಚೆ ಇದೆ, ಆಚೆ ಇಲ್ಲ. ಸಿಕ್ಕಿತು. ಈ ಎರಡು ಬಿಂದುಗಳ ನಡುವೆಯೇ ದೋಷ ಇದೆ, ಉಳಿದ ಬೋರ್ಡನ್ನು ಮುಟ್ಟುವ ಅಗತ್ಯವೇ ಇಲ್ಲ. ಒಂದೋ ಆ ಕೆಪಾಸಿಟರಿನ ಕಾಲು ಡ್ರೈ ಸೋಲ್ಡರ್, ಇಲ್ಲವೇ ಆಚೆ ಬದಿ ನೆಲಕ್ಕೆ ಶಾರ್ಟ್. ಬೀಪ್ ಪರೀಕ್ಷೆ ಯಾವುದೆಂದು ಹೇಳುತ್ತದೆ.

ವೀರೋ ಬೋರ್ಡಿನಲ್ಲಿ ಕಟ್ಟಿದ್ದರೆ ತಾಮ್ರದ ಪಟ್ಟಿಗಳ ನಡುವೆ ಬ್ಲೇಡ್ ತುದಿಯಿಂದ ಒಂದು ಸಲ ಗೀರಿ. ಕಣ್ಣಿಗೆ ಕಾಣದಷ್ಟು ತೆಳುವಾದ ತಾಮ್ರದ ಎಳೆ ಎರಡು ಪಟ್ಟಿಗಳನ್ನು ಸೇರಿಸಿರುತ್ತದೆ. ಪಟ್ಟಿ ಕತ್ತರಿಸಿದ ಕಡೆಯೂ ಅಂಚಿನಲ್ಲಿ ಒಂದು ಎಳೆ ಉಳಿದಿರುತ್ತದೆ.

ಮೇಜಿನ ಮೇಲೆ ಹಾಡುತ್ತದೆ, ಡಬ್ಬಿಯೊಳಗೆ ಹಾಡುವುದಿಲ್ಲ

ಇದು ಪ್ರತಿಯೊಬ್ಬರೂ ಒಮ್ಮೆ ನೋಡುವ ದೋಷ. ಬೋರ್ಡಿಗೆ ಏನೂ ಆಗಿರುವುದಿಲ್ಲ. ಕೇಬಲ್ ಸಿಕ್ಕಿಸಿದಾಗ ಜಾಕ್‌ನಲ್ಲಿ ಪಿನ್ನಿನ ತುದಿ ಮುಟ್ಟುವ ಲೋಹದ ಎಲೆ ಹೊರಗೆ ಬಾಗುತ್ತದೆ. ಡಬ್ಬಿ ಇಕ್ಕಟ್ಟಾಗಿದ್ದರೆ ಅದು ಗೋಡೆಗೆ ತಾಗಿ ಸಿಗ್ನಲ್ ನೆಲಕ್ಕೆ ಹೋಗುತ್ತದೆ. ಕೇಬಲ್ ಇಲ್ಲದೆ ನೋಡಿದರೆ ಎಲ್ಲ ದೂರ ದೂರವೇ ಕಾಣುತ್ತದೆ. ಅದಕ್ಕೆ ಕೇಬಲ್ ಸಿಕ್ಕಿಸಿಯೇ ನೋಡಿ. ಜಾಕ್ ಸ್ವಲ್ಪ ತಿರುಗಿಸಿ ಬಿಗಿ ಮಾಡಿದರೆ ಮುಗಿಯಿತು. ಇನ್ನೊಂದು ಜಾಗ ತಿರುಗಿಸುವ ಕಂಟ್ರೋಲ್‌ಗಳ ಬೆನ್ನು. ಬೋರ್ಡಿನ ತಳದ ಚೂಪು ಕಾಲುಗಳು ಅದರ ಲೋಹಕ್ಕೆ ತಾಗುತ್ತವೆ. ನಡುವೆ ದಪ್ಪ ರಟ್ಟು ಅಥವಾ ಇನ್ಸುಲೇಷನ್ ಟೇಪ್ ಇಡಿ.

ಗುಂಯ್, ಕಿರ್, ಕೀಂ

ಗುಂಯ್ ಎನ್ನುವ ಹಮ್ ಬಂದರೆ ಬ್ಯಾಟರಿ ಹಾಕಿ ನೋಡಿ. ಹೋಯಿತೆಂದರೆ ಅಡಾಪ್ಟರ್ ಕಾರಣ. ಪ್ಲಸ್ ವೈರ್‌ನಲ್ಲಿ 100 ಓಮ್, ಅದರ ಆಚೆ ನೆಲಕ್ಕೆ 100 ಮೈಕ್ರೋಫ್ಯಾರಡ್ ಹಾಕಿದರೆ ಬಹಳಷ್ಟು ಇಳಿಯುತ್ತದೆ. ಬ್ಯಾಟರಿಯಲ್ಲೂ ಇದ್ದರೆ ಡಬ್ಬಿ ನೆಲಕ್ಕೆ ಸೇರಿದೆಯೇ ನೋಡಿ. ಪೇಂಟ್ ಹಚ್ಚಿದ ಡಬ್ಬಿಯಲ್ಲಿ ಜಾಕ್ ಕೂರುವ ಜಾಗದ ಬಣ್ಣ ಕೆರೆಯದಿದ್ದರೆ ಸೇರಿರುವುದಿಲ್ಲ. ಹಳೇ ಮನೆಗಳ ಪ್ಲಗ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೂ ಹಮ್ ಬರುತ್ತದೆ, ಅದು ಪೆಡಲ್ ದೋಷ ಅಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಬೇಕಾದದ್ದು.

ಗೇನ್ ಪೂರ್ತಿ ಏರಿಸಿದಾಗ ಕೀಂ ಎಂದು ಕೂಗಿದರೆ ಇನ್‌ಪುಟ್ ವೈರೂ ಔಟ್‌ಪುಟ್ ವೈರೂ ಒಟ್ಟಿಗೆ ಹೋಗುತ್ತಿವೆ. ದೂರ ಮಾಡಿ. ಇನ್‌ಪುಟ್‌ಗೆ ಶೀಲ್ಡ್ ವೈರ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ನೆಲಕ್ಕೆ ಸೇರಿಸಿ.

ಕಂಟ್ರೋಲ್ ತಿರುಗಿಸಿದಾಗ ಕಿರ್ ಎಂದರೆ ಎಲ್ಲರೂ ಧೂಳು ಎನ್ನುತ್ತಾರೆ. ಬೆಳಗಾವಿ ಮಳೆಗಾಲದಲ್ಲಿ ತೇವದಿಂದ ಹಾಗಾಗುವುದು ನಿಜ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಾಕು. ಆದರೆ ಹೊಸ ಕಂಟ್ರೋಲ್ ಕೂಡ ಕಿರ್ ಎಂದರೆ ಅದರ ಕಾಲುಗಳಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ವಾಲ್ಯೂಮ್ ಕಂಟ್ರೋಲ್‌ನಲ್ಲಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಅದರ ಹಿಂದಿನ ಕೆಪಾಸಿಟರ್ ಲೀಕ್. ತೇವದ ಇನ್ನೊಂದು ಕಾಟ ಸೋಲ್ಡರಿಂಗ್ ಪೇಸ್ಟ್. ಡಬ್ಬಿಯಲ್ಲಿ ಸಿಗುವ ಆ ಪೇಸ್ಟ್ ಬೋರ್ಡಿನ ಮೇಲೆ ಉಳಿದರೆ ಮಳೆಗಾಲದಲ್ಲಿ ತೇವ ಹೀರಿ ಕಾಲುಗಳ ನಡುವೆ ಲೀಕ್ ಮಾಡುತ್ತದೆ. ಮೆಗಾಓಮ್ ರೆಸಿಸ್ಟರ್ ಇರುವ ಕಡೆ ಅಷ್ಟು ಸಾಕು ಬಯಾಸ್ (ಟ್ರಾನ್ಸಿಸ್ಟರ್ ಕೆಲಸಕ್ಕೆ ಬೇಕಾದ ಡಿಸಿ ವೋಲ್ಟೇಜ್) ಕೆಡಲು. ಬೇಸಿಗೆಯಲ್ಲಿ ಚೆನ್ನಾಗಿದ್ದ ಪೆಡಲ್ ಜುಲೈನಲ್ಲಿ ಹದಗೆಟ್ಟರೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ತಳ ಉಜ್ಜಿ ಒಣಗಿಸಿ. ರೋಸಿನ್ ಇರುವ ಸೋಲ್ಡರ್ ವೈರ್ ಬಳಸಿದರೆ ಪೇಸ್ಟ್ ಬೇಕಾಗುವುದೇ ಇಲ್ಲ.

ವಿಜಯಪುರ, ಬಾಗಲಕೋಟೆಯ ಗೆಳೆಯರ ದೂರು ಬೇರೆ: ಏಪ್ರಿಲ್-ಮೇನಲ್ಲಿ ಜರ್ಮೇನಿಯಂ ಫಜ್ ಹದ ಕಳೆದುಕೊಂಡು ಉಗುಳಿದ ಹಾಗೆ ತುಂಡು ತುಂಡಾಗಿ ಸದ್ದು ಮಾಡುತ್ತದೆ. ಹಳೇ ರೇಡಿಯೋದಿಂದ ತೆಗೆದ ಎಸಿ 128 ಥರದ ಟ್ರಾನ್ಸಿಸ್ಟರ್‌ಗಳಲ್ಲಿ ಲೀಕೇಜ್ (ಬೇಡದ ಸೋರಿಕೆ ಕರೆಂಟ್) ಇರುತ್ತದೆ. ಬಿಸಿಲು ಏರಿದಂತೆ, ಹೆಚ್ಚುಕಡಿಮೆ ಪ್ರತಿ 10 ಡಿಗ್ರಿಗೆ ಅದು ಎರಡು ಪಟ್ಟಾಗುತ್ತದೆ. 40 ಡಿಗ್ರಿ ದಾಟಿದಾಗ ಬಯಾಸ್ ಸರಿದುಬಿಡುತ್ತದೆ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ರೆಸಿಸ್ಟರ್ ಬದಲು ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸುವ ಸಣ್ಣ ರೆಸಿಸ್ಟರ್) ಹಾಕಿ, ಅಲ್ಲಿ 4.5 ಬರುವ ಹಾಗೆ ಆಯಾ ಕಾಲಕ್ಕೆ ತಿರುಗಿಸಿಕೊಳ್ಳಿ. ಎಸಿ 128 ಪಿಎನ್‌ಪಿ ಜಾತಿ, ಅದಕ್ಕೆ ಪ್ಲಸ್-ಮೈನಸ್ ಉಲ್ಟಾ ಬೇಕು, ಹಾಗಾಗಿ ಹಳೇ ವಿನ್ಯಾಸದಲ್ಲಿ ಪ್ಲಸ್ ನೆಲಕ್ಕೆ ಸೇರಿರುತ್ತದೆ. ಅಂಥದ್ದನ್ನು ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ಗೆ ಸೇರಿಸಿದರೆ ಶಾರ್ಟ್ ಆಗುತ್ತದೆ. ಅದಕ್ಕೆ ಬ್ಯಾಟರಿಯೇ ಇರಲಿ.

ಫಜ್‌ನಲ್ಲಿ ರೇಡಿಯೋ ಕೇಳಿಸುವುದೂ ಉಂಟು. ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್. ಉದ್ದ ಕೇಬಲ್ ಆಂಟೆನಾ ಆಗುತ್ತದೆ, ಮೊದಲ ಟ್ರಾನ್ಸಿಸ್ಟರ್ ರೇಡಿಯೋದ ಡಯೋಡಿನ ಕೆಲಸ ಮಾಡುತ್ತದೆ. ಇನ್‌ಪುಟ್ ವೈರ್‌ನಲ್ಲಿ 1ಕೆ ರೆಸಿಸ್ಟರ್, ಅದರ ಆಚೆ ನೆಲಕ್ಕೆ 470 ಪಿಕೋಫ್ಯಾರಡ್ ಹಾಕಿ. ಗಿಟಾರ್ ದನಿಗೆ ಏನೂ ಆಗುವುದಿಲ್ಲ, ರೇಡಿಯೋ ಇಳಿಯುತ್ತದೆ. ಫಜ್ ಫೇಸ್ ಜಾತಿಯ ಫಜ್‌ಗೆ 1ಕೆ ಬದಲು 10ಕೆ ಹಾಕಬೇಡಿ, ಅದರ ಇನ್‌ಪುಟ್ ಇಂಪೀಡೆನ್ಸ್ ಕಡಿಮೆ ಇರುವುದರಿಂದ ಗೇನ್ ಹೋಗುತ್ತದೆ.

ಪೆಡಲ್ ಸರಿಯಾದ ಮೇಲೆ ಮುಚ್ಚಳ ಹಾಕುವ ಮೊದಲು ಎಲ್ಲ ಕಾಲುಗಳ ವೋಲ್ಟೇಜ್ ಇನ್ನೊಮ್ಮೆ ಅಳೆಯಿರಿ. ಯಾವ ಮೀಟರ್, ಬ್ಯಾಟರಿ ಎಷ್ಟು ವೋಲ್ಟ್ ಇತ್ತು, ಯಾವ ತಿಂಗಳು ಎಂಬುದನ್ನೂ ಸೇರಿಸಿ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಟೇಪ್ ಹಚ್ಚಿ ಅಂಟಿಸಿ. ಮುಂದೆ ಅದು ಕೆಟ್ಟಾಗ ಯಾರೇ ಬಿಚ್ಚಲಿ, ಯಾವ ಕಾಲಿನ ಅಂಕಿ ಬದಲಾಗಿದೆಯೋ ಅಲ್ಲಿಂದ ಶುರು ಮಾಡಬಹುದು.